ಮಹಡಿ ಮನೆಯ ಕರ್ನಲ್ ಸಾಹೇಬರು

ಬಸ್ ಕಂಪನಿಯ ‘ಕಳೆದುಹೋದ ವಸ್ತುಗಳ ವಿಭಾಗ’ದಲ್ಲಿ ಇಪ್ಪತ್ತೆರಡು ವರ್ಷ ಒಂದೇ ಕುರ್ಚಿಯಲ್ಲಿ ಕೂತ ಮನುಷ್ಯನಿಗೆ ಏನು ರೋಗ ಬರಬಹುದು? ಬೆನ್ನುನೋವು ಬರಬಹುದು, ಧೂಳಿಗೆ ಸೀನು ಬರಬಹುದು. ಈ ಕಥೆಯ ಗುಮಾಸ್ತರಿಗೆ ಬಂದದ್ದು ಬಹುವಚನ.

ಪ್ರಯಾಣಿಕರು ಸೀಟಿನಡಿ ಮರೆತುಹೋದ ಕೊಡೆ, ಟಿಫಿನ್ ಡಬ್ಬಿ, ಒಂಟಿ ಚಪ್ಪಲಿ, ಒಮ್ಮೆ ಕಟ್ಟಿದ ಹಲ್ಲಿನ ಪೂರಾ ಸೆಟ್ಟು, ಎಲ್ಲವೂ ಅವರ ಮೇಜಿಗೆ ಬರುತ್ತಿದ್ದವು. ಕೊಡೆ ಇವತ್ತು ಅನಾಥವಾಗಿರಬಹುದು, ನಾಳೆ ಅದರ ಯಜಮಾನ ದೊಡ್ಡ ಅಧಿಕಾರಿಯೇ ಆಗಿ ಎದುರು ನಿಲ್ಲಬಹುದು. ಯಾವುದಕ್ಕೂ ಇರಲಿ ಅಂತ ಅವರು ಕೊಡೆಗೇ ಮರ್ಯಾದೆ ಕೊಡಲು ಶುರುಮಾಡಿದರು. “ಈ ಕೊಡೆಯವರು ಸೋಮವಾರ ಬಂದ್ರು, ಪಾಪ, ಇನ್ನೂ ಯಾರೂ ಕೇಳ್ಕೊಂಡು ಬಂದಿಲ್ಲ” ಅನ್ನುವರು. ಅಭ್ಯಾಸ ಮೈಗಂಟಿತು. ಮನೆಯ ಫ್ಯಾನು “ಇವತ್ತು ಯಾಕೋ ನಿಧಾನ ತಿರುಗ್ತಾ ಇದಾರೆ” ಆಯಿತು. ಅವರು ಏಕವಚನದಲ್ಲಿ ಮಾತಾಡಿಸುತ್ತಿದ್ದುದು ಇಬ್ಬರನ್ನೇ: ದೇವರನ್ನು ಮತ್ತು ಹೆಂಡತಿಯನ್ನು. ಬೀದಿಯ ಜನ ಅವರಿಗೆ ‘ಬಹುವಚನಪ್ಪ’ ಅಂತ ಹೆಸರಿಟ್ಟರು. ಅಷ್ಟು ಮರ್ಯಾದಸ್ತರನ್ನು ನಾವು ಮಾತ್ರ ‘ಅವನು ಇವನು’ ಅಂದರೆ ನಾಲಿಗೆ ಬಿದ್ದುಹೋಗುತ್ತದೆ. ಆದ್ದರಿಂದ ಬಹುವಚನಪ್ಪನವರು ಅನ್ನೋಣ.

ಆ ವರ್ಷ ವಿಭಾಗಕ್ಕೆ ಹೊಸ ಕಂಪ್ಯೂಟರ್ ಬಂತು. ಹಳೆಯದನ್ನು ಗುಜರಿಗೆ ಹಾಕುವ ಹೊತ್ತಿಗೆ ಬಹುವಚನಪ್ಪನವರ ಕಣ್ಣು ತುಂಬಿತು. “ಸಾರ್, ಹನ್ನೆರಡು ವರ್ಷ ನನ್ನ ಪಕ್ಕದಲ್ಲಿ ಕೂತಿದ್ರು. ಹೀಗೆ ಕಳಿಸಿಬಿಡೋದಾ?” ಅಂದರು. ಮೇಲಧಿಕಾರಿಗೆ ಗುಜರಿಯವನನ್ನು ಕರೆಸುವ ತಾಪತ್ರಯ ತಪ್ಪಿದರೆ ಸಾಕಾಗಿತ್ತು. “ತಗೊಂಡ್ಹೋಗಿ ಮಾರಾಯ್ರೇ” ಅಂತ ಕಾಗದ ಬರೆದುಕೊಟ್ಟರು.

ಡಿಪೋ ಪಕ್ಕದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದ ಐವತ್ತರ ಹೆಂಗಸನ್ನು ಎಲ್ಲರೂ ‘ರಿಪೇರಿ ಅಕ್ಕ’ ಅನ್ನುತ್ತಿದ್ದರು. ಅಕ್ಕ ಡಬ್ಬದ ಮುಚ್ಚಳ ತೆಗೆದು, ಒಳಗಿನ ಧೂಳನ್ನು ಉಫ್ ಅಂತ ಊದಿ, “ಇದಕ್ಕೆ ಈಗಿನ ದುಬಾರಿ ಸಿಸ್ಟಮ್ ಹಾಕಿದ್ರೆ ಉಸಿರು ಕಟ್ಟುತ್ತೆ. ಲಿನಕ್ಸ್ ಹಾಕಿ” ಅಂದಳು.

“ಅವರು ಯಾರು?”

“ಯಾರೂ ಅಲ್ಲ, ಆಪರೇಟಿಂಗ್ ಸಿಸ್ಟಮ್ಮು. ಕಂಪ್ಯೂಟರನ್ನ ನಡೆಸೋದು. ಇದರಲ್ಲಿ ಮುಚ್ಚುಮರೆ ಇಲ್ಲ, ಬರೆದೋರು ಬರೆದಿದ್ದನ್ನೆಲ್ಲ ತೆರೆದಿಟ್ಟಿದಾರೆ. ಯಾರು ಬೇಕಾದ್ರೂ ಓದಬಹುದು, ತಿದ್ದಬಹುದು, ನಾಲ್ಕು ಜನಕ್ಕೆ ಹಂಚಬಹುದು. ಪುಕ್ಕಟೆ.”

“ಮತ್ತೆ ಬರೆದವರಿಗೆ ಏನು ಸಿಗುತ್ತೆ?”

“ನಿಮ್ಮಂಥೋರು ಸಿಗ್ತಾರೆ” ಅಂತ ಅಕ್ಕ ಒಂದು ಪೆನ್‌ಡ್ರೈವನ್ನು ಅವರ ಅಂಗೈಲಿಟ್ಟಳು.

ಭಾನುವಾರ ಬೆಳಿಗ್ಗೆ ಬಹುವಚನಪ್ಪನವರು ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು ಕಂಪ್ಯೂಟರಿನ ಮುಂದೆ ಕೂತರು. ಅದು ಕೇಳಿದ್ದಕ್ಕೆಲ್ಲ “ಆಗಲಿ”, “ಆಗಲಿ” ಅಂತ ಒತ್ತುತ್ತಾ ಹೋದರು. ಒಂದು ಕಡೆ ಅದು ‘ರೂಟ್’ನ, ಅಂದರೆ ಯಂತ್ರದ ಸರ್ವಾಧಿಕಾರವಿರುವ ಖಾತೆಯ, ಗುಟ್ಟಿನ ಪದ ಕೊಡಿ ಅಂತ ಕೇಳಿತು. ಇಪ್ಪತ್ತೆರಡು ವರ್ಷ ಬಸ್ ಕಂಪನಿಯ ಉಪ್ಪು ತಿಂದವರಿಗೆ ರೂಟ್ ಗೊತ್ತಿಲ್ಲವೇ? ತಮ್ಮ ಮನೆಗೆ ಬರುವ ಬಸ್ಸಿನ ನಂಬರು ‘47’ ಒತ್ತಿದರು. ಪದ ತೀರಾ ಚಿಕ್ಕದಾಯಿತು ಅಂತ ಅದು ಗೊಣಗಿತು. ಹೊರಡುವ ಜಾಗ, ತಲುಪುವ ಜಾಗ, ನಡುವಿನ ಹದಿನಾಲ್ಕು ನಿಲ್ದಾಣ ಎಲ್ಲ ಸೇರಿಸಿ ಹೊಡೆದರು. ಬಹಳ ಭದ್ರವಾದ ಪದ ಅಂತ ಶಹಭಾಸ್‌ಗಿರಿ ಸಿಕ್ಕಿತು.

ಮುಕ್ಕಾಲು ಗಂಟೆಯಾದ ಮೇಲೆ ಕಪ್ಪು ಪರದೆ ಬೆಳಗಿತು. ಸತ್ತಿದೆ ಅಂತ ಆಫೀಸಿನ ನಾಲ್ಕು ಜನ ಸಹಿ ಹಾಕಿದ್ದ ಯಂತ್ರ ಕಣ್ಣುಬಿಟ್ಟಿತ್ತು.

“ಬಂದ್ರು! ಬಂದ್ರು! ಬಂದ್ರು ಕಣೇ!” ಅಂತ ಬಹುವಚನಪ್ಪನವರು ಕುಣಿದಾಡಿದರು.

ಪಕ್ಕದ ಕೋಣೆಯಲ್ಲಿ ಹೊಲಿಗೆ ಮಿಷನ್ ತುಳಿಯುತ್ತಿದ್ದ ಹೆಂಡತಿ ಕತ್ತರಿ ಹಿಡಿದೇ ಓಡಿಬಂದರು. “ಯಾರ್ರೀ ಬಂದ್ರು?”

“ಕರ್ನಲ್ಲು!” ಅಂದರು ಇವರು. ಆಪರೇಟಿಂಗ್ ಸಿಸ್ಟಮಿನ ತಿರುಳಿಗೆ ಹಾಗಂತಾರೆ ಅಂತ ಆ ಬೆಳಿಗ್ಗೆಯಷ್ಟೇ ಓದಿದ್ದರು. “ಒಳಗಿರೋ ಯಜಮಾನ್ರು. ಯಾರಿಗೆ ಎಷ್ಟು ಜಾಗ, ಯಾರ ಕೆಲಸ ಮೊದಲು, ಎಲ್ಲ ಅವರೇ ತೀರ್ಮಾನ ಮಾಡೋದು. ಇನ್ಮೇಲೆ ಕರ್ನಲ್ ನಮ್ಮನೇಲೇ ಇರ್ತಾರೆ!”

ಹೆಂಡತಿ ಪರದೆ ನೋಡಿದರು, ಗಂಡನ ಮುಖ ನೋಡಿದರು. ಮದುವೆಯಾದ ದಿನವೂ ಆ ಮುಖದಲ್ಲಿ ಇಷ್ಟು ಸಂತೋಷ ಇರಲಿಲ್ಲ ಅನ್ನುವುದು ಅವರ ಗಮನಕ್ಕೆ ಬಂದರೂ, ದೊಡ್ಡ ಮನಸ್ಸು ಮಾಡಿ ಹೊಲಿಗೆಗೆ ಮರಳಿದರು.

ಆದರೆ ಆ ಕೂಗು ಕೇಳಿದ ಇನ್ನೊಂದು ಜೋಡಿ ಕಿವಿ ಕೆಳಗಿನ ಮನೆಯಲ್ಲಿತ್ತು. ಅದು ಮನೆ ಓನರ್‌ದು. ಬಾಡಿಗೆಗೆ ಕೊಟ್ಟದ್ದು ಮಹಡಿಯನ್ನು ಮಾತ್ರ, ಅಲ್ಲಿ ಆಡುವ ಮಾತು ತನ್ನ ಸ್ವಂತ ಆಸ್ತಿ ಅನ್ನುವುದು ಓನರ್ ಅವರ ಖಚಿತ ಅಭಿಪ್ರಾಯ. ಬೀದಿಯ ನಿವಾಸಿಗಳ ಸಂಘಕ್ಕೂ ಅವರೇ ಕಾರ್ಯದರ್ಶಿ.

“ಕೇಳಿದ್ಯೇನೇ? ಮೇಲಿನ ಮನೆಗೆ ಯಾರೋ ಕರ್ನಲ್ ಬಂದು ಸೇರ್ಕೊಂಡಿದಾರೆ” ಅಂದರು ಹೆಂಡತಿಗೆ. “ನನಗೊಂದು ಮಾತು ಹೇಳೋದು ಬೇಡ್ವಾ? ಕರಾರಲ್ಲಿ ಇಬ್ಬರೇ ಅಂತ ಬರೆದಿದೆ.”

“ಹೋಗಿ ಕೇಳಿ ಮತ್ತೆ.”

“ಏನಂತ ಕೇಳ್ಲಿ? ಮಿಲಿಟ್ರಿಯೋರು. ಕೋವಿ ಇದ್ರೆ?”

ಬುಧವಾರ ಬೆಳಿಗ್ಗೆ ಅವರ ಅನುಮಾನಕ್ಕೆ ಪುರಾವೆಯೂ ಸಿಕ್ಕಿತು. ಬಹುವಚನಪ್ಪನವರು ಮೆಟ್ಟಿಲ ಮೇಲೆ ನಿಂತು ರಿಪೇರಿ ಅಕ್ಕನ ಜೊತೆ ಫೋನಿನಲ್ಲಿ ಗಾಬರಿಯಿಂದ ಮಾತಾಡುತ್ತಿದ್ದರು.

“ಅಕ್ಕಾ, ನಮ್ಮ ಕರ್ನಲ್ ಇವತ್ತು ಎದ್ದೇಳ್ಲೇ ಇಲ್ಲ... ಪ್ಯಾನಿಕ್ ಆಗಿಬಿಟ್ರು... ಏನೋ ನಾಲ್ಕು ಸಾಲು ಬಡಬಡಿಸಿ ಹಾಗೇ ಸ್ತಬ್ಧ... ಹೊಟ್ಟೆ ಹತ್ರ ಇರೋ ಗುಂಡೀನಾ? ಐದು ಸೆಕೆಂಡ್ ಗಟ್ಟಿಯಾಗಿ ಅದುಮ್ಲಾ?... ಹ್ಞೂಂ, ಒಂದ್ನಿಮಿಷ...” ಒಳಗೆ ಓಡಿದ ಸದ್ದು, ಆಮೇಲೆ ಆನಂದದ ಕೂಗು: “ಎದ್ರು ಅಕ್ಕಾ! ಗಟ್ಟಿ ಜೀವ!”

ಕೆಳಗೆ ಓನರ್ ಎದೆಯ ಮೇಲೆ ಕೈಯಿಟ್ಟುಕೊಂಡು ನಿಟ್ಟುಸಿರು ಬಿಟ್ಟರು. ತಮ್ಮ ಮನೆಯಲ್ಲಿ ಕರ್ನಲ್ ಒಬ್ಬರು ಪ್ರಾಣ ಬಿಡುವುದು ಸ್ವಲ್ಪದರಲ್ಲಿ ತಪ್ಪಿತ್ತು. ಸಂಜೆ ಬಹುವಚನಪ್ಪನವರು ಎದುರಾದಾಗ ತಗ್ಗಿದ ದನಿಯಲ್ಲಿ ಕೇಳಿದರು: “ಕರ್ನಲ್ ಈಗ ಹೇಗಿದಾರೆ?”

ಬಹುವಚನಪ್ಪನವರಿಗೆ ಆಕಾಶ ಮೂರೇ ಗೇಣು ಉಳಿಯಿತು. ಹೆಂಡತಿಯೂ ಕೇಳದ ಪ್ರಶ್ನೆ! “ಈಗ ತುಂಬಾ ಸ್ಟೇಬಲ್ ಸಾರ್! ಎಂಟು ಗಂಟೆಯಿಂದ ಒಂದೇ ಸಮನೆ ಓಡ್ತಾ ಇದಾರೆ.”

“ಈ ವಯಸ್ಸಿನಲ್ಲೂ?”

“ವಯಸ್ಸಾಗಿರೋದು ಹೊರಗಿನ ದೇಹಕ್ಕೆ ಸಾರ್. ಕರ್ನಲ್ ಹೊಸಬರು.”

ಇಂಥ ತತ್ತ್ವದ ಮಾತಿಗೆ ಓನರ್ ಕೈಮುಗಿಯದೆ ಇನ್ನೇನು ಮಾಡಿಯಾರು?

ಸುದ್ದಿಗೆ ಕಾಲಿಲ್ಲ, ಆದರೂ ಅದರಷ್ಟು ಓಡುವವರಿಲ್ಲ. ಕ್ಷೌರದಂಗಡಿಯವನು ಕತ್ತರಿ ನಿಲ್ಲಿಸಿ, “ಕರ್ನಲ್ ಅವರಿಗೆ ನಮ್ಮ ನಮಸ್ಕಾರ ಹೇಳಿ” ಅಂದ. ಪೇಪರಿನವನು ಎರಡು ಪೇಪರ್ ಹಾಕತೊಡಗಿದ. ಬೇಕರಿಯವನು “ಕರ್ನಲ್ ಏನು ತಗೋತಾರೆ?” ಅಂತ ಕೇಳಿದ. “ಸ್ವಲ್ಪವೇ ಸಾರ್, ಅದೇ ಅವರ ದೊಡ್ಡತನ. ಬೇರೆಯವರಾದ್ರೆ ಇದ್ದಬದ್ದದ್ದೆಲ್ಲ ನುಂಗಿಬಿಡ್ತಿದ್ರು” ಅಂತ ಬಹುವಚನಪ್ಪನವರು ಕಂಪ್ಯೂಟರಿನ ಮೆಮೊರಿಯ ಲೆಕ್ಕ ಹೇಳಿದರು. ಇಡೀ ಬೀದಿಗೇ ಲಿನಕ್ಸಿನ ಹುಚ್ಚು ಹತ್ತಿದೆ ಅಂತ ನಂಬಿ, ಯಂತ್ರಕ್ಕೆ ಅಪ್ಪಣೆ ಕೊಡುವ ಕಮಾಂಡುಗಳನ್ನು ದಿನಕ್ಕೆರಡು ಕಲಿಯುತ್ತಿದ್ದ ಬಹುವಚನಪ್ಪನವರು ನಾಲ್ಕು ಕಲಿಯತೊಡಗಿದರು.

ಆ ಬೀದಿಯ ನಡುಮಧ್ಯೆ ಒಂದು ಗುಂಡಿ ಇತ್ತು. ನಾಲ್ಕು ತಿಂಗಳ ಹಿಂದೆ ಪೈಪ್ ಹಾಕಲು ನಗರಸಭೆಯವರು ತೋಡಿ, ಪೈಪನ್ನೂ ಹಾಕದೆ, ಗುಂಡಿಯನ್ನೂ ಮುಚ್ಚದೆ ಹೋಗಿದ್ದರು. ಓನರ್ ಹನ್ನೊಂದು ಅರ್ಜಿ ಬರೆದು ಸೋತಿದ್ದರು. ಹನ್ನೆರಡನೆಯದರಲ್ಲಿ ಒಂದೇ ಒಂದು ಸಾಲು ಹೆಚ್ಚಿಗೆ ಬರೆದರು: “ನಮ್ಮ ಮಹಡಿಯಲ್ಲಿ ವಾಸವಾಗಿರುವ ಕರ್ನಲ್ ಸಾಹೇಬರ ಓಡಾಟಕ್ಕೂ ತೊಂದರೆಯಾಗುತ್ತಿದೆ.”

ಮರುದಿನವೇ ನಗರಸಭೆಯ ಇಂಜಿನಿಯರ್ ಹಾಜರು. ಹನ್ನೊಂದು ಅರ್ಜಿಗೆ ಅಲುಗಾಡದವರು ಮಹಡಿ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದರು. ಹಿಂದೆ ಓನರ್.

ಬಾಗಿಲು ತೆರೆದ ಬಹುವಚನಪ್ಪನವರ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು.

“ನಗರಸಭೆಯಿಂದ ಬಂದಿದೀನಿ. ಕರ್ನಲ್ ಸಾಹೇಬರನ್ನ ಒಂದು ನಿಮಿಷ ನೋಡಬಹುದಾ?” ಇಂಜಿನಿಯರ್ ಕೇಳಿದರು.

ಲಿನಕ್ಸ್ ನೋಡಲು ನಗರಸಭೆಯಿಂದಲೇ ಜನ! ಕಮಾಂಡ್ ಒತ್ತುವ ಕಿಟಕಿಗೆ ‘ಶೆಲ್’ ಅನ್ನುತ್ತಾರೆ ಅಂತ ಮೊನ್ನೆಯಷ್ಟೇ ಕಲಿತಿದ್ದ ಬಹುವಚನಪ್ಪನವರು ಹಿಗ್ಗಿಹೋದರು. “ಅಯ್ಯೋ, ಅವರನ್ನ ನೇರವಾಗಿ ನೋಡೋಕಾಗಲ್ಲ ಸಾರ್. ನಾನೇ ಇನ್ನೂ ನೋಡಿಲ್ಲ. ಏನಿದ್ರೂ ಶೆಲ್ ಮೂಲಕವೇ ಮಾತು.”

ಫಿರಂಗಿಯ ಶೆಲ್ ಕಣ್ಣಮುಂದೆ ಬಂದು ಇಂಜಿನಿಯರ್ ಒಂದು ಮೆಟ್ಟಿಲು ಕೆಳಗಿಳಿದರು. “ಶೆಲ್ಲಾ?”

“ಹೌದು ಸಾರ್. ನಾವು ಶೆಲ್ಲಲ್ಲಿ ಕಮಾಂಡ್ ಕೊಡೋದು, ಅವರು ಒಳಗಿಂದ ಆಕ್ಷನ್ ತಗೊಳ್ಳೋದು. ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಮುಗೀತು. ಈಗ ಯಾರೋ ಒಬ್ಬರು ಕೆಲಸಾನೂ ಮಾಡ್ದೆ, ಜಾಗಾನೂ ಬಿಡ್ದೆ ಸುಮ್ನೆ ಕೂತಿದಾರೆ ಅಂತಿಟ್ಕೊಳ್ಳಿ...”

“ಯಾರು? ಯಾರು ಹಾಗೆ ಹೇಳಿದ್ದು?” ಇಂಜಿನಿಯರ್ ಹಿಂದಿರುಗಿ ಓನರನ್ನು ದುರುಗುಟ್ಟಿ ನೋಡಿದರು.

“ಮಾತಿಗೆ ಸಾರ್. ಅಂಥೋರಿಗೇ ‘ಕಿಲ್’ ಅಂತ ಕಮಾಂಡ್ ಇದೆ. ಮೊದಲು ಮರ್ಯಾದೆಯಿಂದ ಎದ್ದು ಹೋಗಪ್ಪಾ ಅಂತ ಹೇಳ್ತಾರೆ. ಕೇಳ್ಲಿಲ್ವೋ, ಕಿಲ್ ಒಂಬತ್ತು!”

“ಒಂಬತ್ತು ಅಂದ್ರೆ?”

“ಆಮೇಲೆ ಮಾತಿಲ್ಲ ಸಾರ್. ನಿನ್ನೆ ಮೂರು ಜನರನ್ನ ಹಾಗೆ ತೆಗೆಸ್ದೆ. ಕೈ ತಪ್ಪಿ ಪಾಪ, ಒಬ್ಬರು ನಿರಪರಾಧಿನೂ ಹೋಗಿಬಿಟ್ರು.” ಹೋದದ್ದು ಕಂಪ್ಯೂಟರಿನೊಳಗೆ ಓಡುವ ಪ್ರೋಗ್ರಾಮುಗಳು ಅಂತ ಬಿಡಿಸಿ ಹೇಳುವ ಅಗತ್ಯವೇ ಕಾಣದ ಬಹುವಚನಪ್ಪನವರು ಹತ್ತಿರ ಬಾಗಿ, ಗುಟ್ಟು ಹೇಳುವವರಂತೆ ಮುಂದುವರಿಸಿದರು: “ಇನ್ನೂ ಮಜಾ ಕೇಳಿ. ಕೆಲವರು ಸತ್ತಮೇಲೂ ಪಟ್ಟೀಲಿ ಹೆಸರು ಉಳಿಸ್ಕೊಂಡಿರ್ತಾರೆ!”

ಇಂಜಿನಿಯರ್ ಮುಖ ಸುಣ್ಣವಾಯಿತು. “ನಮ್ಮ ಕೂಲಿಯೋರ ಪಟ್ಟೀಲಿ ಸತ್ತೋರ ಹೆಸರಿರೋ ವಿಷಯ ಅವರಿಗೂ ಗೊತ್ತಾಗಿದೆಯಾ?”

“ಕರ್ನಲ್‌ಗೆ ಗೊತ್ತಿಲ್ಲದ ಪಟ್ಟಿ ಯಾವುದಿದೆ ಸಾರ್?”

ಇಂಜಿನಿಯರ್ ಇಳಿದ ವೇಗಕ್ಕೆ ಮೆಟ್ಟಿಲ ಬಳಿಯಿದ್ದ ಓನರ್ ಗೋಡೆಗೆ ಅಂಟಿಕೊಂಡರು. ಎರಡು ದಿನದಲ್ಲಿ ಪೈಪ್ ಬಂತು, ಗುಂಡಿ ಮುಚ್ಚಿತು, ಡಾಂಬರು ಬಿತ್ತು. ಯಾರೂ ಕೇಳದೇ ಇದ್ದ ಎರಡು ಬೀದಿದೀಪ ಕೂಡ ಬಂದವು. ಅದರಲ್ಲೊಂದು ಬಹುವಚನಪ್ಪನವರ ಕಿಟಕಿಗೆ ನೇರ.

ಬೀದಿಗೆ ಬೀದಿಯೇ ಉಬ್ಬಿಹೋಯಿತು. ಭಾನುವಾರ ಹತ್ತು ಗಂಟೆಗೆ ಸಮಾರಂಭ, ನಗರಸಭೆಯ ಅಧ್ಯಕ್ಷೆಯೇ ಬರುವುದು ಅಂತ ಸಂಘ ತೀರ್ಮಾನಿಸಿತು. ಓನರ್ ಬಂದು, “ಕರ್ನಲ್ ಅವರನ್ನ ನೀವೇ ಕೆಳಗೆ ಕರ್ಕೊಂಡು ಬರಬೇಕು. ಎಲ್ಲರಿಗೂ ನೋಡೋ ಆಸೆ” ಅಂದರು.

“ಖಂಡಿತ ಸಾರ್! ನಾನೇ ಹೊತ್ಕೊಂಡು ಬರ್ತೀನಿ!”

“ಅಷ್ಟು ಅಶಕ್ತರಾ? ಗಾಲಿಕುರ್ಚಿ ತರಿಸ್ಲಾ?”

“ಬೇಡ ಸಾರ್, ಒಂದು ಪ್ಲಗ್ ಪಾಯಿಂಟ್ ಇದ್ರೆ ಸಾಕು.”

ಯಾವುದೋ ಆಸ್ಪತ್ರೆಯ ಯಂತ್ರಕ್ಕಿರಬೇಕು ಅಂದುಕೊಂಡು ಓನರ್ ಮರುಕಪಟ್ಟರು.

ಶನಿವಾರ ಸಂಜೆ ಬಹುವಚನಪ್ಪನವರು ಕನ್ನಡಿಯ ಮುಂದೆ ಭಾಷಣ ಒಪ್ಪಿಸುತ್ತಿದ್ದಾಗ ಹೆಂಡತಿ ಕೆಳಗಿನಿಂದ ಬಂದರು. ಹೊಲಿದ ರವಿಕೆ ಕೊಡಲು ಓನರ್ ಹೆಂಡತಿಯ ಹತ್ತಿರ ಹೋಗಿದ್ದರು. ಬಂದವರೇ ಕುರ್ಚಿಯಲ್ಲಿ ಕುಸಿದರು.

“ರೀ, ನಾಳೆ ಕರ್ನಲ್ ಅವರ ಟೀಗೆ ಸಕ್ಕರೆ ಎಷ್ಟು ಚಮಚ ಅಂತ ಕೇಳಿದ್ರು.”

“ಯಾರ ಟೀಗೆ?”

“ಮೀಸೆ ಇದೆಯಾ ಅಂತಾನೂ ಕೇಳಿದ್ರು. ನಮ್ಮನೇಲಿ ಮಿಲಿಟ್ರಿ ಕರ್ನಲ್ ಇದಾರೆ ಅಂತ ಊರಿಗೂರೇ ತಿಳ್ಕೊಂಡಿದೆ. ನಿಮ್ಮ ಬಹುವಚನದಿಂದ ಆದ ಅನಾಹುತ ಇದು! ‘ಅದು’ ಅಂದಿದ್ರೆ ಎಲ್ಲಿತ್ತು ಈ ಗ್ರಹಚಾರ?”

ಬಹುವಚನಪ್ಪನವರು ಮೆಲ್ಲಗೆ ಮಂಚದ ಅಂಚಿಗೆ ಕೂತರು. ಇಂಜಿನಿಯರ್, ಬೇಕರಿಯವನು, ಕ್ಷೌರದವನು, ಒಬ್ಬೊಬ್ಬರ ಮಾತೂ ನೆನಪಾಯಿತು. “ಹಾಗಾದ್ರೆ ಲಿನಕ್ಸಿನ ಬಗ್ಗೆ ಯಾರೂ ಕೇಳ್ಲೇ ಇಲ್ವೇನೇ? ಒಬ್ಬರೂ?” ಅಂದರು.

ಬೈಯಲು ಬಾಯಿ ತೆರೆದಿದ್ದ ಹೆಂಡತಿಗೆ ಆ ಮುಖ ನೋಡಿ ಮನಸ್ಸಾಗಲಿಲ್ಲ. “ನಾಳೆ ಎಲ್ಲರ ಮುಂದೆ ಇದ್ದದ್ದನ್ನ ಇದ್ದಹಾಗೆ ಹೇಳ್ಬಿಡಿ.”

“ಓನರ್ ಮನೆ ಖಾಲಿ ಮಾಡಿಸ್ತಾರೆ.”

“ಮಾಡಿಸ್ಲಿ. ನನ್ನ ಮಿಷನ್ ಯಾವ ಬೀದೀಲಿಟ್ರೂ ಹೊಲಿಯುತ್ತೆ.”

ಭಾನುವಾರ ಹತ್ತಕ್ಕೆ ಹೊಸ ಡಾಂಬರಿನ ಮೇಲೆ ಕುರ್ಚಿ ತುಂಬಿದ್ದವು. ವೇದಿಕೆಯ ನಟ್ಟನಡುವೆ ದಿಂಬು ಹಾಕಿದ ದೊಡ್ಡ ಕುರ್ಚಿ, ಅದರ ಒಂದು ಪಕ್ಕ ಅಧ್ಯಕ್ಷೆ, ಇನ್ನೊಂದು ಪಕ್ಕ ಬೆವರುತ್ತಿದ್ದ ಇಂಜಿನಿಯರ್. ಬಹುವಚನಪ್ಪನವರು ಮೆಟ್ಟಿಲಿಳಿದು ಬಂದರು. ಅವರ ತೋಳಲ್ಲಿ ಡಬ್ಬ, ಹಿಂದೆ ಹೆಂಡತಿಯ ಕೈಯಲ್ಲಿ ಪರದೆ. ಎಲ್ಲರೂ ಅವರನ್ನು ದಾಟಿ ಮೆಟ್ಟಿಲ ತುದಿಯನ್ನೇ ನೋಡುತ್ತಿದ್ದರು. ಅಲ್ಲಿ ಯಾರೂ ಇರಲಿಲ್ಲ.

ಬಹುವಚನಪ್ಪನವರು ಡಬ್ಬವನ್ನು ದಿಂಬಿನ ಮೇಲೆ ಕೂರಿಸಿ, ಮೈಕಿನ ಮುಂದೆ ನಿಂತರು. ಕನ್ನಡಿಯ ಮುಂದೆ ಒಪ್ಪಿಸಿದ ಭಾಷಣದ ಒಂದಕ್ಷರವೂ ಬಾಯಿಗೆ ಬರಲಿಲ್ಲ.

“ಇವರೇ ಕರ್ನಲ್” ಅಂದರು.

ಮುಂದಿನ ಸಾಲಿನವರು ಡಬ್ಬದ ಹಿಂದೆ ಯಾರಾದರೂ ಇದ್ದಾರೆಯೇ ಅಂತ ಇಣುಕಿದರು. ಅವರು ಕಣ್ಣುಮುಚ್ಚಿಕೊಂಡು ಎಲ್ಲವನ್ನೂ ಹೇಳಿದರು: ಗುಜರಿ, ಅಕ್ಕ, ಪೆನ್‌ಡ್ರೈವ್, ಹೊಟ್ಟೆಯ ಹತ್ತಿರದ ಗುಂಡಿ, ಕಿಲ್ ಒಂಬತ್ತು, ಸತ್ತವರ ಪಟ್ಟಿ ಅಂದಾಗ ಇಂಜಿನಿಯರ್ ತಮ್ಮ ಕೂಲಿಯವರ ಪಟ್ಟಿಯೇ ಅಂತ ಬೆದರಿದ್ದು. “ಸುಳ್ಳು ಹೇಳ್ಲಿಲ್ಲ. ನೀವು ಪ್ರೀತಿಯಿಂದ ಕೇಳಿದ್ರಿ, ನಾನು ಖುಷಿಯಿಂದ ಹೇಳ್ದೆ. ತಪ್ಪಾಯ್ತು.”

ಓನರ್ ಹಣೆ ಚಚ್ಚಿಕೊಂಡರು. ಇಂಜಿನಿಯರ್ ಎದ್ದುನಿಂತು ಗುಡುಗಿದರು: “ಏನ್ರೀ ಇದು! ಒಂದು ಡಬ್ಬ ತೋರಿಸಿ ನನ್ನ ಕೈಲಿ ಗುಂಡಿ ಮುಚ್ಚಿಸಿದ್ರಾ? ಇದು ಮೋಸ!”

“ಕೂತ್ಕೊಳ್ಳಿ” ಅಂದರು ಅಧ್ಯಕ್ಷೆ. ದನಿ ತಣ್ಣಗಿತ್ತು. “ಕರ್ನಲ್ ಇಲ್ಲ ಅಂದ್ರೆ ಗುಂಡಿ ಮುಚ್ತಿರಲಿಲ್ವಾ? ಆಮೇಲೆ ಅದೇನೋ ಸತ್ತವರ ಪಟ್ಟಿ ಅಂದ್ರಲ್ಲ ಇವರು, ಅದನ್ನ ನಾಳೆ ನನ್ನ ಟೇಬಲ್ಲಿಗೆ ತನ್ನಿ.” ಇಂಜಿನಿಯರ್ ಗಾಳಿ ಹೋದ ಚಕ್ರದ ಹಾಗೆ ಕೂತರು. ಅಧ್ಯಕ್ಷೆ ಬಹುವಚನಪ್ಪನವರ ಕಡೆ ತಿರುಗಿದರು. “ನಿಜವಾಗಿಯೂ ಪುಕ್ಕಟೆನಾ? ನಮ್ಮಲ್ಲಿ ಮೂವತ್ತು ಕಂಪ್ಯೂಟರ್ ಹಳೇದಾಯ್ತು ಅಂತ ಉಗ್ರಾಣದಲ್ಲಿ ಬಿದ್ದಿವೆ. ಎಲ್ಲಿ, ತೋರಿಸಿ ನೋಡೋಣ.”

ಬಹುವಚನಪ್ಪನವರು ಪರದೆಯನ್ನು ಜನರ ಕಡೆ ತಿರುಗಿಸಿದರು. ಪ್ಲಗ್ ಹಾಕಿದರು, ಗುಂಡಿ ಒತ್ತಿದರು. ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ಏರತೊಡಗಿದವು. ಪ್ರತಿ ಸಾಲಿನ ಮುಂದೆ ಹಸಿರು ಬಣ್ಣದ ‘ಓಕೆ’.

“ಓಕೆ” ಅಂತ ಮುಂದಿನ ಸಾಲಿನ ಮಗುವೊಂದು ಓದಿತು. “ಓಕೆ... ಓಕೆ...” ಪಕ್ಕದವರು ಸೇರಿಕೊಂಡರು. ಕ್ಷೌರದವನು, ಬೇಕರಿಯವನು, ಕೊನೆಗೆ ಇಡೀ ಬೀದಿ ಒಂದೇ ತಾಳದಲ್ಲಿ “ಓಕೆ! ಓಕೆ! ಓಕೆ!” ಅಂತು. ಅಷ್ಟರಲ್ಲಿ ಸಾಲು ಗಕ್ಕನೆ ನಿಂತಿತು.

“ಏನಾಯ್ತು?” ಓನರ್ ಉಸಿರು ಬಿಗಿಹಿಡಿದರು.

“ಯಾವುದೋ ಒಂದು ಕೆಲಸ ನಡೀತಾ ಇದೆಯಂತೆ. ಹೆಚ್ಚೆಂದ್ರೆ ಒಂದೂವರೆ ನಿಮಿಷ ಕಾಯಬೇಕಂತೆ.”

“ಎಷ್ಟು ಹೊತ್ತಾಗುತ್ತೆ ಅಂತ ಮೊದಲೇ ಹೇಳುತ್ತಾ?” ಅಧ್ಯಕ್ಷೆ ಮುಂದೆ ಬಾಗಿದರು. “ಇದನ್ನ ನಮ್ಮ ಆಫೀಸಿಗೆ ತರಲೇಬೇಕು.”

ಬೀದಿ ಗಟ್ಟಿಯಾಗಿ ಎಣಿಸತೊಡಗಿತು. ಎಂಬತ್ತೆಂಟಕ್ಕೆ ಪರದೆ ಪೂರಾ ಕಪ್ಪಾಯಿತು. ಬಹುವಚನಪ್ಪನವರು ಹೆಂಡತಿಯ ಕೈ ಹಿಡಿದುಕೊಂಡರು. ತೊಂಬತ್ತಕ್ಕೆ ಪರದೆ ಬೆಳಗಿತು.

“ಎದ್ರು! ಕರ್ನಲ್ ಎದ್ರು!” ಅಂತ ಮೊದಲು ಕೂಗಿದವರು ಮನೆ ಖಾಲಿ ಮಾಡಿಸಬೇಕಾಗಿದ್ದ ಓನರ್. ಗುಂಡಿ ಮುಚ್ಚಿದ್ದಕ್ಕೂ ಬೀಳದಷ್ಟು ಚಪ್ಪಾಳೆ ಬಿತ್ತು. ತಂದಿದ್ದ ಹೂಗುಚ್ಛವನ್ನು ಏನು ಮಾಡುವುದೆಂದು ತಿಳಿಯದೆ ಅಧ್ಯಕ್ಷೆ ಅದನ್ನು ಡಬ್ಬದ ಮೇಲೇ ಇಟ್ಟರು.

ಮುಂದಿನ ಶನಿವಾರದಿಂದ ನಗರಸಭೆಯ ಉಗ್ರಾಣದಲ್ಲಿ ಪಾಠ ಶುರುವಾಯಿತು. ರಿಪೇರಿ ಅಕ್ಕ ಮೂವತ್ತು ಕಂಪ್ಯೂಟರಿಗೂ ಲಿನಕ್ಸ್ ಹಾಕುವ ಹೊಣೆ ಹೊತ್ತಳು. ಕಲಿಸುವ ಕೆಲಸ ಬಹುವಚನಪ್ಪನವರದು. ಅಧ್ಯಕ್ಷೆಯ ಅಪ್ಪಣೆಯಂತೆ ಮೊದಲ ವಿದ್ಯಾರ್ಥಿ ಇಂಜಿನಿಯರ್. ಅವರು ಕೈಕಟ್ಟಿಕೊಂಡು, ಕಷಾಯ ಕುಡಿದ ಮುಖ ಮಾಡಿ ಕೂತಿದ್ದರು.

“ನಿಮ್ಮ ಹೆಸರು ಏನಂತ ಹಾಕ್ಲಿ ಸಾರ್?”

“ಸಾಹೇಬ ಅಂತ ಹಾಕಿ. ಆಫೀಸಲ್ಲಿ ಈಗ ಯಾರೂ ಹಾಗೆ ಕರೀತಾ ಇಲ್ಲ.”

ಬಹುವಚನಪ್ಪನವರು ಹಾಗೇ ಮಾಡಿ, ಕೀಲಿಮಣೆಯನ್ನು ಅವರ ಕಡೆ ಸರಿಸಿದರು. “ಈಗ ‘ಹೂ ಆಮ್ ಐ’ ಅಂತ ಒತ್ತಿ ಸಾರ್, ನಡುವೆ ಜಾಗ ಬಿಡ್ದೆ. ನಾನು ಯಾರು ಅಂತ ಕೇಳೋದು. ಋಷಿಮುನಿಗಳು ಕಾಡಿನಲ್ಲಿ ಕೂತು ಇದನ್ನೇ ಕೇಳ್ತಿದ್ರಂತೆ, ಉತ್ತರಕ್ಕೆ ಒಂದು ಜನ್ಮ ಸಾಲ್ತಿರಲಿಲ್ಲ.”

ಇಂಜಿನಿಯರ್ ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತಿದರು. ಒಂದಕ್ಷರ ತಪ್ಪಿತು, ಅಂಥದ್ದೊಂದು ಕಮಾಂಡೇ ಇಲ್ಲ ಅಂತ ಯಂತ್ರ ಖಡಾಖಂಡಿತವಾಗಿ ಹೇಳಿತು. ಅವರು ಕಟ್ಟಿದ ಕೈ ಬಿಚ್ಚಿ, ಕುರ್ಚಿ ಹತ್ತಿರ ಎಳೆದುಕೊಂಡು ಮತ್ತೆ ಒತ್ತಿದರು. ಕೆಳಗಿನ ಸಾಲಿನಲ್ಲಿ ಉತ್ತರ ಮೂಡಿತು: ಸಾಹೇಬ.

ಇಂಜಿನಿಯರ್ ಅದನ್ನು ಮೂರು ಸಲ ಓದಿದರು. ಮುಖದ ಕಷಾಯ ಇಳಿಯಿತು. “ನಾನು ಕೇಳ್ದೆ, ಅದು ಹೇಳ್ತು! ಅರ್ಜಿ ಇಲ್ಲ, ಸಹಿ ಇಲ್ಲ, ಕೇಳಿದ ಕೂಡ್ಲೆ ಹೇಳ್ತು!” ಅಂತ ಎದ್ದುನಿಂತೇಬಿಟ್ಟರು. “ಇನ್ನೊಂದ್ಸಲ ಕೇಳ್ಲಾ?”

“ಎಷ್ಟು ಸಲ ಬೇಕಾದ್ರೂ ಕೇಳಿ ಸಾರ್. ಇವರು ಬೇಜಾರು ಮಾಡ್ಕೊಳ್ಳಲ್ಲ.”

ಆ ಮಧ್ಯಾಹ್ನ ಅವರು ಹದಿನೇಳು ಸಲ ಕೇಳಿದರು. ಹದಿನೇಳು ಸಲವೂ ಅದು ತಪ್ಪದೆ ಸಾಹೇಬ ಅಂದಿತು. ಹದಿನೆಂಟನೆಯದಕ್ಕೆ ಅವರು ಫೋನ್ ತೆಗೆದು ಮನೆಗೆ ಹಚ್ಚಿದರು. “ಲೇ ಇವಳೇ, ಕೈಲಿರೋ ಕೆಲಸ ಬಿಟ್ಟು ಬೇಗ ಇಲ್ಲಿಗೆ ಬಾ. ಇಲ್ಲಿ ಒಬ್ಬರಿದಾರೆ, ನಿನಗೆ ತೋರಿಸ್ಬೇಕು.”